ಅನ್ನವಸ್ತ್ರದ ಕರಾರು

ಹೊಸಮನೆಯೆಂಬ ಬಡಾವಣೆ ತುಂಗೆಯ ದಡದ ಶಿವಮೊಗ್ಗ ನಗರದಲ್ಲಿ ಒಂದುಂಟು, ಭದ್ರೆಯ ದಡದ ಭದ್ರಾವತಿಯಲ್ಲಿ ಇನ್ನೊಂದುಂಟು. ಸರ್ಕಾರಿ ಕಚೇರಿಗಳ ಗುಮಾಸ್ತರು, ಪಾಠಶಾಲೆಗಳ ಉಪಾಧ್ಯಾಯರು, ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಕೆಲಸಗಾರರು ಸೇವಾವಧಿಯ ಅಂತ್ಯದಲ್ಲಿ ಕೈಗೆ ಬಂದ ಇಡುಗಂಟನ್ನೆಲ್ಲ ಸುರಿದು ಕಟ್ಟಿಸಿಕೊಂಡ ಮನೆಗಳು ಇಂಥ ಬಡಾವಣೆಗಳಲ್ಲಿ ಎಷ್ಟೋ ಇವೆ. ಅಂಥ ಮನೆಯೊಂದಕ್ಕೆ ಬೀಗ ಬಿದ್ದು, ಯಜಮಾನರು ತಿಂಗಳು ತಿಂಗಳೂ ಶುಲ್ಕ ತೆರುವ ಕರಾರಿನ ಮೇಲೆ ಯಾವುದೋ ವೃದ್ಧಾಶ್ರಮವನ್ನು ಸೇರಿದರೆಂಬ ವಾರ್ತೆ ಬಂದಾಗ ನೆರೆಹೊರೆಯವರು ಆಡುವ ಮಾತು ಬಹುಮಟ್ಟಿಗೆ ಒಂದೇ: "ದುಡ್ಡು ಕೊಟ್ಟು ಮುಪ್ಪು ಕಳೆಯುವ ಕಾಲ ಬಂತಲ್ಲ!" ಈ ಉದ್ಗಾರದಲ್ಲಿರುವ ಖೇದವನ್ನು ನಾನು ಅಲ್ಲಗಳೆಯಲಾರೆ, ಆದರೆ ಅದರೊಳಗೆ ಅಡಗಿರುವ ಚರಿತ್ರೆಯ ಕಲ್ಪನೆಯನ್ನು ಒಪ್ಪುವುದು ಕಷ್ಟ. ಮುಪ್ಪಿನ ಪೋಷಣೆಗೆ ಮುಂಚಿತವಾಗಿಯೇ ಬೆಲೆ ತೆತ್ತಿಡುವುದು ಈ ಸೀಮೆಯಲ್ಲಿ ಬಹು ಹಳೆಯ ಪದ್ಧತಿ. ಆ ಬೆಲೆ ಭೂಮಿಯ ರೂಪದಲ್ಲಿ ಸಂದಿತು, ದುಡಿಮೆಯ ರೂಪದಲ್ಲಿ ಸಂದಿತು, ದತ್ತಸ್ವೀಕಾರದ ರೂಪದಲ್ಲಿ ಸಂದಿತು, ಕೆಲವೊಮ್ಮೆ ನೆತ್ತರಿನ ರೂಪದಲ್ಲಿಯೂ ಸಂದಿತು. ಅದಕ್ಕೆ ರಸೀತಿ ಹರಿದುಕೊಡುವವರು ಇರಲಿಲ್ಲವಾದ್ದರಿಂದ ಅದು ಬೆಲೆಯೆಂದು ಯಾರಿಗೂ ಕಾಣಲಿಲ್ಲ.

ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ಭಾವುಕರಾಗಿರಲಿಲ್ಲ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ವೃದ್ಧರಾದ ತಾಯಿತಂದೆಗಳನ್ನೂ ಸಾಧ್ವಿಯಾದ ಪತ್ನಿಯನ್ನೂ ಶಿಶುವಾದ ಮಗನನ್ನೂ ನೂರು ಅಕಾರ್ಯಗಳನ್ನು ಮಾಡಿಯಾದರೂ ಸಾಕಬೇಕೆಂಬ ಮನುವಿನ ಹೆಸರಿನ ವಚನವನ್ನು ಆಧಾರವಾಗಿ ಎತ್ತಿಕೊಳ್ಳುತ್ತಾನೆ. ಇದನ್ನು ಎಲ್ಲರೂ ಸ್ಮರಿಸುತ್ತಾರೆ; ಅದೇ ಗ್ರಂಥವು ಪಿತೃಪಿತಾಮಹರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವಾಮ್ಯವುಂಟೆಂದು ಸ್ಥಾಪಿಸಿದ್ದನ್ನು ಇದರ ಜೊತೆಗಿಟ್ಟು ಓದುವವರು ಕಡಿಮೆ. ಎರಡನ್ನೂ ಕೂಡಿಸಿ ನೋಡಿದಾಗ, ಜಗಲಿಯ ಮೇಲೆ ಕುಳಿತ ಮುದುಕನು ಉಣ್ಣುವ ಅನ್ನವು ಮಗನ ದಯೆಯಿಂದ ಬಂದದ್ದಲ್ಲವೆಂದೂ, ಒಂದೇ ಆಸ್ತಿಯ ಇಬ್ಬರು ಒಡೆಯರಲ್ಲಿ ಮುಂಚೆ ದುಡಿದವನಿಗೆ ಸಲ್ಲತಕ್ಕ ಪಾಲೆಂದೂ ಸ್ಪಷ್ಟವಾಗುತ್ತದೆ. ಕೌಟಿಲ್ಯನಂತೂ ಇನ್ನೂ ನೇರವಾಗಿ, ಶಕ್ತಿಯಿದ್ದೂ ತಾಯಿತಂದೆಗಳನ್ನು, ಹೆಂಡಿರುಮಕ್ಕಳನ್ನು, ವಿಧವೆಯಾದ ಅಕ್ಕತಂಗಿಯರನ್ನು ಸಾಕದವನಿಗೆ 12 ಪಣಗಳ ದಂಡವನ್ನು ವಿಧಿಸುತ್ತಾನೆ. ಪತಿತರಾದವರನ್ನು ಸಾಕಬೇಕಾಗಿಲ್ಲವೆಂದು ವಿನಾಯಿತಿಯನ್ನು ಕೊಟ್ಟು, ತಾಯಿಗೆ ಮಾತ್ರ ಆ ವಿನಾಯಿತಿ ಅನ್ವಯಿಸದೆಂದು ಕೂಡಲೇ ಸೇರಿಸುತ್ತಾನೆ. ತಪ್ಪುವವರೇ ಇಲ್ಲದ ಸಮಾಜದಲ್ಲಿ ದಂಡದ ಮೊತ್ತವನ್ನು ಗೊತ್ತುಮಾಡುವ ಪ್ರಮೇಯವಿರುವುದಿಲ್ಲವೆಂಬುದನ್ನು, ಅವಿಭಕ್ತ ಕುಟುಂಬದ ಸುವರ್ಣಯುಗವನ್ನು ಹಾಡಿ ಹೊಗಳುವವರು ಗಮನಿಸಿದರೆ ಒಳ್ಳೆಯದು.

ನಮ್ಮ ಜಿಲ್ಲೆಯ ಶಿಲಾಶಾಸನಗಳು ಇದೇ ಸಂಗತಿಯನ್ನು ಬೇರೊಂದು ದಿಕ್ಕಿನಿಂದ ತೋರಿಸುತ್ತವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ಕುರಿತ 1162ನೆಯ ಇಸವಿಯ ಶಾಸನವು, ಆ ಮಠವು ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಗಾಯಕರಿಗೆ, ನರ್ತಕರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ತಡೆಯಿಲ್ಲದೆ ಅನ್ನವನ್ನಿಡುವ ಸ್ಥಾನವೆಂದೂ, ಅನಾಥರಾದ ರೋಗಿಗಳಿಗೆ ಔಷಧೋಪಚಾರವನ್ನು ಮಾಡುವ ಸ್ಥಾನವೆಂದೂ ವಿಸ್ತಾರವಾಗಿ ವರ್ಣಿಸುತ್ತದೆ. ಇಷ್ಟು ದೀರ್ಘವಾದ ಪಟ್ಟಿಯಲ್ಲಿ ವೃದ್ಧರೆಂಬ ಒಂದು ಪ್ರತ್ಯೇಕ ವರ್ಗವಿಲ್ಲ. ಮುಪ್ಪು ಮಠದ ಹೊಣೆಯೆಂದು ಆ ಕಾಲಕ್ಕೆ ತೋರಿರಲಿಲ್ಲ. ಮನೆಯೂ ಭೂಮಿಯೂ ಇಲ್ಲದ ಮುದುಕನು ಆ ಪಟ್ಟಿಯೊಳಕ್ಕೆ ಅನಾಥನಾಗಿಯೋ ಕುರುಡನಾಗಿಯೋ ಪ್ರವೇಶಿಸಬೇಕಾಗಿತ್ತು. ಇನ್ನು ಸೊರಬ, ಶಿಕಾರಿಪುರಗಳ ಕಡೆಯಲ್ಲಿ ಹೊಲಹೊಲಕ್ಕೂ ಕಾಣಸಿಗುವ ವೀರಗಲ್ಲುಗಳು ಹೇಳುವ ಕಥೆ ಬೇರೆ. ತುರುಗಾಳಗದಲ್ಲಿ ಮಡಿದವನ ಮನೆಯವರಿಗೆ ಊರವರಾಗಲಿ ಅರಸನಾಗಲಿ ಬಿಟ್ಟುಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ಮಗನನ್ನು ಕಳೆದುಕೊಂಡ ತಾಯಿತಂದೆಗಳ ಉಳಿದ ಆಯುಷ್ಯವು ಆ ಗದ್ದೆಯ ಬತ್ತದಿಂದ ಸಾಗಬೇಕು. ಇದನ್ನು ಔದಾರ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ. ಬೆಲೆಯನ್ನು ಮಗನು ಮೊದಲೇ ಕೊಟ್ಟಿದ್ದನು.

ಹಣವನ್ನು ಮುಂದಾಗಿ ಒಪ್ಪಿಸಿ ಅನ್ನದ ಹಕ್ಕನ್ನು ಕೊಳ್ಳುವ ಪದ್ಧತಿ ಕೂಡ ಅಪರಿಚಿತವಾಗಿರಲಿಲ್ಲ. ವಿಜಯನಗರದ ಕಾಲದಲ್ಲಿ ತಿರುಮಲೆಯ ದೇವಸ್ಥಾನಕ್ಕೆ ಭಕ್ತರು ಒಪ್ಪಿಸಿದ ದ್ರವ್ಯವನ್ನು ಕೆರೆಕಾಲುವೆಗಳಿಗೆ ತೊಡಗಿಸಿ, ಅದರಿಂದ ಹೆಚ್ಚಿದ ಫಸಲಿನಲ್ಲಿ ನೈವೇದ್ಯವನ್ನು ನಡೆಸಿ, ಆ ನೈವೇದ್ಯದ ಪ್ರಸಾದದಲ್ಲಿ ನಾಲ್ಕನೆಯ ಒಂದು ಭಾಗವನ್ನು ದಾನಿಗೆ ಅಥವಾ ಅವನು ಸೂಚಿಸಿದವರಿಗೆ ಸಲ್ಲಿಸುತ್ತಿದ್ದರೆಂದು ಅಲ್ಲಿಯ ಶಾಸನಗಳಿಂದ ತಿಳಿಯುತ್ತದೆ. ಅದರ ಉದ್ದೇಶ ಮುಪ್ಪಿನ ರಕ್ಷಣೆಯಾಗಿರಲಿಲ್ಲ. ಆದರೂ ಮೂಲಧನವನ್ನು ಸಂಸ್ಥೆಗೆ ಬಿಟ್ಟುಕೊಟ್ಟು ನಿತ್ಯದ ಅನ್ನವನ್ನು ಹಕ್ಕಾಗಿ ಪಡೆಯುವ ಲೆಕ್ಕಾಚಾರ ಇಲ್ಲಿ ಪೂರ್ಣರೂಪದಲ್ಲಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದೇ ಲೆಕ್ಕಾಚಾರವು ನೇರವಾಗಿ ವೃದ್ಧಾಪ್ಯಕ್ಕೆ ಅನ್ವಯವಾಯಿತು: ಸ್ಥಿತಿವಂತನು ಕ್ರೈಸ್ತ ಮಠಕ್ಕೆ ಒಂದು ದೊಡ್ಡ ಮೊತ್ತವನ್ನೋ ಜಮೀನನ್ನೋ ಒಪ್ಪಿಸಿದರೆ, ಬದುಕಿರುವ ತನಕ ಅವನಿಗೆ ಒಂದು ಕೋಣೆ, ದಿನಕ್ಕೆ ಇಷ್ಟು ರೊಟ್ಟಿ, ಇಷ್ಟು ಪಾನೀಯ, ಚಳಿಗಾಲಕ್ಕೆ ಸೌದೆ ಮುಂತಾದುವು ಕರಾರಿನಂತೆ ಸಲ್ಲುತ್ತಿದ್ದವು. ಬೇಗ ಸತ್ತವನಿಂದ ಮಠಕ್ಕೆ ಲಾಭ. ಬಹುಕಾಲ ಬದುಕಿದವನಿಂದ ನಷ್ಟ. ತಕ್ಷಣದ ಹಣದಾಸೆಗೆ ಇಂಥ ಕರಾರುಗಳನ್ನು ಮಿತಿಮೀರಿ ಮಾರಿ ಸಾಲದಲ್ಲಿ ಮುಳುಗಿದ ಮಠಗಳೂ ಉಂಟು. ಮನುಷ್ಯನ ಆಯುಷ್ಯ ಎಷ್ಟೆಂದು ಕೊಳ್ಳುವವನಿಗೂ ತಿಳಿಯದು, ಮಾರುವವನಿಗೂ ತಿಳಿಯದು; ಈ ವ್ಯಾಪಾರದ ಮೂಲತೊಡಕು ಅಂದಿಗೂ ಇಂದಿಗೂ ಅದೇ.

ಮಲೆನಾಡಿನ ಅಡಕೆತೋಟದ ಮನೆಗಳಲ್ಲಿ ಈ ತೊಡಕನ್ನು ಬಿಡಿಸಿಕೊಂಡ ವಿಧಾನವು ಬಹು ಸ್ವಾರಸ್ಯವಾದದ್ದು. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿತಂದೆಗಳು ತಮಗೆಂದು ಒಂದು ಪಾಲನ್ನು ಎತ್ತಿಟ್ಟುಕೊಳ್ಳುವರು. ಯಾವ ಮಗನ ಮನೆಯಲ್ಲಿ ಕಡೆಗಾಲವನ್ನು ಕಳೆಯುವರೋ ಅವನಿಗೆ ಅವರ ತರುವಾಯ ಆ ಪಾಲು ಹೋಗತಕ್ಕದ್ದು. ಮಕ್ಕಳಿಲ್ಲದವರು ದಾಯಾದಿಯ ಹುಡುಗನೊಬ್ಬನನ್ನು ದತ್ತಕ್ಕೆ ತೆಗೆದುಕೊಳ್ಳುವರು. ಪಿಂಡಪ್ರದಾನ, ವಂಶೋದ್ಧಾರ ಮೊದಲಾದ ಪಾರಲೌಕಿಕ ಪ್ರಯೋಜನಗಳ ಜೊತೆಗೆ, ಎಂಬತ್ತರ ವಯಸ್ಸಿನಲ್ಲಿ ಹಾಸಿಗೆಯಿಂದೆಬ್ಬಿಸಿ ಕೂರಿಸುವ ಕೈಯೊಂದು ಬೇಕೆಂಬ ಐಹಿಕ ಪ್ರಯೋಜನವೂ ಆ ಹೋಮದ ಹೊಗೆಯಲ್ಲಿ ಇದ್ದೇ ಇರುತ್ತಿತ್ತು. ದತ್ತಕವೂ ಬೇಡವೆಂದವರು ತಂಗಿಯ ಮಗನಿಗೋ ಅಳಿಯನಿಗೋ ದಾನಪತ್ರವನ್ನು ಬರೆದುಕೊಡುವರು. ಈ ಪತ್ರಗಳ ಒಕ್ಕಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. "ನಮ್ಮ ಹಯಾತ್ ಪರ್ಯಂತ ಅನ್ನವಸ್ತ್ರಕ್ಕೆ ಲೋಪ ಬಾರದಂತೆ ನೋಡಿಕೊಂಡು, ನಮ್ಮ ತರುವಾಯ ಉತ್ತರಕ್ರಿಯಾದಿಗಳನ್ನು ನಡೆಸತಕ್ಕದ್ದು" ಎಂಬುದು ಪತ್ರಬರಹಗಾರನ ಲೇಖನಿಯಿಂದ ತಾನಾಗಿಯೇ ಇಳಿಯುವ ಧಾಟಿ. ಲೋಕಾನುಭವವುಳ್ಳ ಮುದುಕರು ಅಷ್ಟಕ್ಕೆ ತೃಪ್ತರಾಗುತ್ತಿರಲಿಲ್ಲ. ವರ್ಷಕ್ಕೆ ಇಷ್ಟು ಕೊಳಗ ಅಕ್ಕಿ, ಎರಡು ಜೊತೆ ಬಟ್ಟೆ, ತಲೆಗೆ ಎಣ್ಣೆ, ಕರೆಯುವ ಹಸುವೊಂದರ ಹಾಲಿನಲ್ಲಿ ಪಾಲು, ನಡುಮನೆಯ ಪಕ್ಕದ ಕೋಣೆಯಲ್ಲಿ ವಾಸ, ಬಾವಿಯ ನೀರನ್ನು ಸೇದುವ ಹಕ್ಕು, ಮುಂಬಾಗಿಲಿನಿಂದ ಓಡಾಡುವ ಹಕ್ಕು, ಒಮ್ಮೆ ತೀರ್ಥಯಾತ್ರೆಗೆ ಖರ್ಚು ಎಂಬುದಾಗಿ ಒಂದೊಂದನ್ನೂ ಹೇಳಿ ಬರೆಸುವರು. ತಪ್ಪಿದಲ್ಲಿ ಇಂಥ ಸರ್ವೆ ನಂಬರಿನ ತೋಟದ ಉತ್ಪತ್ತಿಯ ಮೇಲೆ ತಮ್ಮ ಹಕ್ಕು ನಿಲ್ಲತಕ್ಕದ್ದೆಂದೂ ಸೇರಿಸುವರು. ಮುಂಬಾಗಿಲಿನಿಂದ ಓಡಾಡುವ ಹಕ್ಕನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಬೇಕಾದರೆ, ಹಿತ್ತಿಲ ಬಾಗಿಲನ್ನು ತೋರಿಸಿಕೊಂಡ ಮುದುಕರನ್ನು ಆ ಯಜಮಾನನು ಎಲ್ಲಿಯೋ ಕಂಡಿರಲೇಬೇಕು.

ಬರೆದುಕೊಡಲು ಏನೂ ಇಲ್ಲದವರ ಪಾಡು ಬೇರೆಯಾಗಿತ್ತು. ಮಿತಾಕ್ಷರಾ ಕುಟುಂಬದಲ್ಲಿ ವಿಧವೆಗೆ ಪಾಲಿರಲಿಲ್ಲ, ಜೀವನಾಂಶ ಮಾತ್ರವಿತ್ತು. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಸೋದರತ್ತೆಯು ನಲವತ್ತು ವರ್ಷಕಾಲ ಆ ಮನೆಯ ಅಡಿಗೆಯನ್ನು ಮಾಡಿ, ಬಾಣಂತನಗಳನ್ನು ನಡೆಸಿ, ಹಪ್ಪಳ ಸಂಡಿಗೆಗಳನ್ನಿಟ್ಟು, ಮುಪ್ಪಿನಲ್ಲಿ ಒಂದು ಮೂಲೆಯನ್ನು ಸಂಪಾದಿಸುತ್ತಿದ್ದಳು. ಅವಳಷ್ಟು ದುಬಾರಿಯ ಬೆಲೆಯನ್ನು ತೆತ್ತವರು ಈ ಚರಿತ್ರೆಯಲ್ಲಿ ಬೇರೆ ಯಾರೂ ಇಲ್ಲವೆಂದು ನನ್ನ ಭಾವನೆ. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತ ಕಾಯಿದೆಯನ್ನು ಮಾಡಿ, ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಅಂಥದೊಂದು ಶಾಸನ ಬರುವುದಕ್ಕೆ ಮುಂಚೆಯೇ ಸ್ತ್ರೀಯರಿಗೆ ಪಾಲಿನ ಹಕ್ಕನ್ನು ಕಲ್ಪಿಸಿದ್ದು ಈ ದೃಷ್ಟಿಯಿಂದಲೂ ಸ್ಮರಣೀಯವಾದದ್ದು. ಕೂಲಿಯವರ ಮನೆಗಳಲ್ಲಂತೂ ಮುಪ್ಪೆಂಬ ಪ್ರತ್ಯೇಕ ಅವಸ್ಥೆಯೇ ಇರಲಿಲ್ಲ. ಕೈ ಆಡುವ ತನಕ ಕೆಲಸ, ಆಡದಾದಾಗ ಹೇಗೋ ಹಾಗೆ.

ಪೇಟೆಗೆ ಬಂದು ನೆಲಸಿದ ಸಣ್ಣ ಹಿಡುವಳಿಯ ವಿಧವೆಯರಿಗೂ ವೃದ್ಧರಿಗೂ ಹಳ್ಳಿಯ ಒಕ್ಕಲಿನಿಂದ ಸುಗ್ಗಿಯ ತರುವಾಯ ಬರುತ್ತಿದ್ದ ಗೇಣಿಯೇ ವರ್ಷದ ಅನ್ನ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿಯ ಕೊಳಗದ ಅಳತೆಯನ್ನು ಮುಂದಿಟ್ಟುಕೊಂಡು ಎದ್ದ ಸತ್ಯಾಗ್ರಹವು ಉಳುವವನ ಹಕ್ಕನ್ನು ನಾಡಿಗೆಲ್ಲ ಕೇಳುವಂತೆ ಸಾರಿತು. 1974ರ ಮಾರ್ಚಿನಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಪದ್ಧತಿ ಅಳಿಯಿತು. ಅನ್ಯಾಯದ ಕೊಳಗವು ಹೋದದ್ದು ಯುಕ್ತವೇ ಆಯಿತು. ಅದರೊಡನೆ, ಭೂಮಿಯನ್ನು ಮುಪ್ಪಿನ ಊರುಗೋಲಾಗಿ ಹಿಡಿದಿದ್ದ ಒಂದು ಇಡೀ ಮಧ್ಯಮವರ್ಗವು ಬೇರೆ ಆಧಾರವನ್ನು ಹುಡುಕಿಕೊಳ್ಳಬೇಕಾಯಿತು.

ಆ ಬೇರೆ ಆಧಾರವು ಭದ್ರಾವತಿಯಲ್ಲಿ ಅದಕ್ಕೆ ಅರ್ಧಶತಮಾನದಷ್ಟು ಮುಂಚೆಯೇ ಕಾಣಿಸಿಕೊಂಡಿತ್ತು. ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು; 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿಯು ಸ್ಥಾಪಿತವಾಯಿತು. ಕೆಲಸವನ್ನರಸಿ ತಮಿಳು, ತೆಲುಗು ಸೀಮೆಗಳಿಂದಲೂ ಬಯಲುನಾಡಿನಿಂದಲೂ ಬಂದು ಕುಲುಮೆಯ ಮುಂದೆ ನಿಂತವರಿಗೆ ಬರೆದುಕೊಡಲು ತೋಟವಿರಲಿಲ್ಲ, ಬರೆಸಿಕೊಳ್ಳಲು ದಾಯಾದಿಗಳು ಹತ್ತಿರವಿರಲಿಲ್ಲ. ಕಾರ್ಖಾನೆಯ ವಸತಿಗೃಹವು ಕೆಲಸವಿರುವಷ್ಟು ದಿನದ ಆಶ್ರಯ. ಅಂಥವರ ಮುಪ್ಪನ್ನು ಸಂಬಳದ ಚೀಟಿಯಲ್ಲಿಯೇ ಹಿಡಿದಿಡಬೇಕಾಯಿತು. ಸರ್ಕಾರಿ ನೌಕರರಿಗೆ ಪಿಂಚಣಿಯಿತ್ತು. ಅದರ ಜೊತೆಗೆ ಮೈಸೂರು ಸರ್ಕಾರವು 1891ರಲ್ಲಿಯೇ ತನ್ನ ನೌಕರರಿಗಾಗಿ ಜೀವವಿಮೆಯನ್ನು ಏರ್ಪಡಿಸಿತ್ತು. ಕಾರ್ಮಿಕರಿಗೆ ಭವಿಷ್ಯನಿಧಿಯು 1952ರ ಕಾಯಿದೆಯಿಂದಲೂ, ಉಪದಾನವು 1972ರ ಕಾಯಿದೆಯಿಂದಲೂ ಹಕ್ಕಾಗಿ ಪರಿಣಮಿಸಿದವು. ಆ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದ ವಿಶ್ವೇಶ್ವರಯ್ಯನವರೇ ಬೊಂಬಾಯಿ ಸರ್ಕಾರದ ಸೇವೆಯಿಂದ 1908ರಲ್ಲಿ ನಿವೃತ್ತರಾಗಿ, ಆ ಮೇಲೆ ಐವತ್ತು ವರ್ಷಕ್ಕೂ ಮಿಕ್ಕಿ ಬಾಳಿ, 1962ರಲ್ಲಿ ತೀರಿಕೊಂಡವರು. ಇಂಗ್ಲೆಂಡಿನ ಯಾವ ಮಠವೂ ಇಂಥ ಅತಿಥಿಯ ಕರಾರನ್ನು ತಾಳಿಕೊಳ್ಳುತ್ತಿರಲಿಲ್ಲ.

ಪಿಂಚಣಿಯು ಮುದುಕರಿಗೆ ಮನೆಯಲ್ಲಿ ಹೊಸತೊಂದು ಸ್ಥಾನವನ್ನು ತಂದುಕೊಟ್ಟಿತು. ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿಗೆ ಹೋಗಿ ಬಂದ ಅಜ್ಜನ ಕೈಚೀಲದಿಂದ ಮೊಮ್ಮಕ್ಕಳಿಗೆ ಖಾರದಕಡ್ಡಿಯ ಪೊಟ್ಟಣವೂ ಸೊಸೆಯ ಕೈಗೆ ಒಂದಿಷ್ಟು ನೋಟುಗಳೂ ಹೊರಬೀಳುವಾಗ, ದಾನಪತ್ರದಲ್ಲಿ ಬರೆಸಬೇಕಾಗಿದ್ದ ಹಕ್ಕುಗಳು ಬರೆಸದೆಯೇ ಸಲ್ಲುತ್ತಿದ್ದವು. ಭೂಮಿಯನ್ನು ಒಮ್ಮೆ ಬರೆದುಕೊಟ್ಟ ಮೇಲೆ ಕೈ ಬರಿದು. ಪಿಂಚಣಿಯಾದರೋ ಪ್ರಾಣವಿರುವಷ್ಟು ದಿನ ಬರುವಂಥದು, ಪ್ರಾಣದೊಡನೆ ನಿಲ್ಲುವಂಥದು. ಹೀಗಾಗಿ ಮುದುಕರು ಬದುಕಿರುವುದರಲ್ಲಿ ಮನೆಯವರಿಗೆಲ್ಲ ಸಮಾನಹಿತವು ಉಂಟಾಯಿತು. ನಾನು ಇದನ್ನು ಕುಚೋದ್ಯಕ್ಕಾಗಿ ಹೇಳುತ್ತಿಲ್ಲ; ಸ್ನೇಹಕ್ಕೂ ಹಣಕ್ಕೂ ಇರುವ ಸಂಬಂಧವು ನಾವು ಒಪ್ಪಿಕೊಳ್ಳುವುದಕ್ಕಿಂತ ಮೃದುವಾದದ್ದೂ ಜಟಿಲವಾದದ್ದೂ ಆಗಿದೆ. ಪ್ರತಿ ವರ್ಷವೂ ನವೆಂಬರ್ ತಿಂಗಳಲ್ಲಿ ಬ್ಯಾಂಕುಗಳ ಮುಂದೆ ನಿಲ್ಲುವ ವೃದ್ಧರ ಸಾಲನ್ನು ನೋಡಿದವರಿಗೆ ಇದು ತಿಳಿಯುತ್ತದೆ. ತಾನು ಜೀವಂತವಾಗಿರುವೆನೆಂಬ ಪ್ರಮಾಣಪತ್ರಕ್ಕೆ ಹೆಬ್ಬೆರಳನ್ನೊತ್ತಬೇಕು. 2014ರಿಂದ ಅದಕ್ಕೆ ಯಂತ್ರ ಬಂದಿದೆ. ಸೌದೆ ಸೀಳಿ, ಪಾತ್ರೆ ತಿಕ್ಕಿ ರೇಖೆಗಳು ಸವೆದ ಬೆರಳನ್ನು ಆ ಯಂತ್ರವು ಬೇಗ ಗುರುತಿಸದು. ಮಗನೋ ಮೊಮ್ಮಗಳೋ ಆ ಬೆರಳನ್ನು ಸೆರಗಿನಲ್ಲಿಯೋ ಕರವಸ್ತ್ರದಲ್ಲಿಯೋ ಒರಸಿ ಮತ್ತೆ ಮತ್ತೆ ಒತ್ತಿಸುತ್ತಾರೆ.

ಈ ವ್ಯವಸ್ಥೆಯಲ್ಲಿಯೂ ತೂತುಗಳಿದ್ದುವು. ಕಾರ್ಖಾನೆಯವರಿಗೆ 1995ರಲ್ಲಿ ಬಂದ ಪಿಂಚಣಿ ಯೋಜನೆಯ ಸೂತ್ರವು, ಮಿತಿಗೊಳಪಟ್ಟ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವಂಥದು. ಸಂಬಳದ ಮಿತಿಯನ್ನು 2014ರಲ್ಲಿ 15,000 ರೂಪಾಯಿಗೆ ಏರಿಸಿದ ಮೇಲೂ, 35 ವರ್ಷ ದುಡಿದವನಿಗೆ ಇದರಿಂದ ದೊರೆಯುವುದು 7,500. ಬಹುಮಂದಿಗೆ ಇದರಲ್ಲಿ ಅಲ್ಪಾಂಶವೂ ಬಾರದಾದ್ದರಿಂದ ಅದೇ ವರ್ಷ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಯೆಂದು ಗೊತ್ತುಮಾಡಬೇಕಾಯಿತು. ರಾಜ್ಯ ಸರ್ಕಾರದಲ್ಲಿ 2006ರ ಏಪ್ರಿಲ್‌ನಿಂದ ಈಚೆಗೆ ಸೇರಿದವರಿಗೆ ಹಳೆಯ ರೀತಿಯ ಪಿಂಚಣಿ ತಪ್ಪಿ, ಹೂಡಿಕೆಯ ಫಲವನ್ನು ಅವಲಂಬಿಸುವ ಯೋಜನೆ ಬಂದಿತು. ಕಾಗದದ ಕಾರ್ಖಾನೆಯಲ್ಲಿ 2015ರ ವೇಳೆಗೆ ಉತ್ಪಾದನೆ ನಿಂತು, ಕೆಲಸಗಾರರು ಸ್ವಯಂನಿವೃತ್ತಿಯ ಹಣವನ್ನು ಪಡೆದು ಹೊರಬಂದರು. ತೊಂಬತ್ತರ ದಶಕದಲ್ಲಿ ಠೇವಣಿಗೆ ನೂರಕ್ಕೆ ಹನ್ನೆರಡರಂತೆ ಬರುತ್ತಿದ್ದ ಬಡ್ಡಿಯನ್ನು ನಂಬಿ ಮುಪ್ಪಿನ ಲೆಕ್ಕವನ್ನು ಹಾಕಿಕೊಂಡವರು, ಅದು ಆರೇಳಕ್ಕೆ ಇಳಿದಾಗ ಔಷಧದ ಚೀಟಿಯನ್ನೂ ಪಾಸ್‌ಬುಕ್ಕನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಬೇಕಾಯಿತು.

ವೃದ್ಧಾಶ್ರಮವು ಕರ್ನಾಟಕಕ್ಕೆ ಬಂದದ್ದು ಶುಲ್ಕವನ್ನು ಕೇಳಿಕೊಂಡಲ್ಲ. ಫ್ರಾನ್ಸಿನಲ್ಲಿ 1839ರಲ್ಲಿ ಜಾನ್ ಜ್ಯುಗಾನ್ ಎಂಬ ಸಾಧ್ವಿಯು ಕುರುಡಿಯಾದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಲ್ಲಿಂದ ಮೊದಲಾದ ಬಡವರ ಕಿರಿಯ ಸೋದರಿಯರ ಸಂಘವು, 1900ರಲ್ಲಿ ಬೆಂಗಳೂರಿಗೆ ಬಂದು ವೃದ್ಧರ ನಿಲಯವನ್ನು ತೆರೆಯಿತು. ನಿಶ್ಚಿತವಾದ ವರಮಾನವನ್ನು ಇಟ್ಟುಕೊಳ್ಳದೆ ಭಿಕ್ಷೆಯಿಂದ ನಡೆಸಬೇಕೆಂಬುದು ಅವರ ನಿಯಮ. ಹಣ ಕೊಟ್ಟು ಇರುವ ನಿಲಯಗಳು ನಮ್ಮಲ್ಲಿ ಹಬ್ಬಿದ್ದು ಮಕ್ಕಳು ಬೆಂಗಳೂರಿಗೂ ಅಮೆರಿಕೆಗೂ ಹೋದ ಇತ್ತೀಚಿನ ಮೂರು ನಾಲ್ಕು ದಶಕಗಳಲ್ಲಿ. ಅಂಥ ನಿಲಯದ ಕರಾರುಪತ್ರವನ್ನು ಓದಿದರೆ ಮಲೆನಾಡಿನ ದಾನಪತ್ರದ ಮೊಮ್ಮಗನನ್ನು ಕಂಡಂತಾಗುತ್ತದೆ: ಠೇವಣಿ ಇಷ್ಟು, ತಿಂಗಳ ಶುಲ್ಕ ಇಷ್ಟು, ಒಂಟಿಕೋಣೆಗೆ ಹೆಚ್ಚು, ಬೆಳಗಿನ ಕಾಫಿ, ಎರಡು ಹೊತ್ತಿನ ಊಟ ಇದರೊಳಗೆ, ಔಷಧ, ಡೈಪರ್, ಹಾಸಿಗೆ ಹಿಡಿದವರ ಶುಶ್ರೂಷೆ ಪ್ರತ್ಯೇಕ, ವರ್ಷಕ್ಕೆ ಇಷ್ಟು ಏರಿಕೆ, ಕಾಯಿಲೆಯಾದರೆ ಯಾರಿಗೆ ತಿಳಿಸಬೇಕು, ಕಾಲವಾದರೆ ಕ್ರಿಯೆಗಳಿಗೆ ಯಾರು ಬರುವರು ಎಂಬ ಅಂಕಣಗಳು. ಧರ್ಮಾರ್ಥವೆಂದು ನೋಂದಾಯಿತವಾದ ಸಂಸ್ಥೆಯು ಅರವತ್ತು ದಾಟಿದ ನಿವಾಸಿಯೊಬ್ಬರಿಂದ ಊಟ ವಸತಿಗಳೂ ಸೇರಿದಂತೆ ತಿಂಗಳಿಗೆ 25,000 ರೂಪಾಯಿಯವರೆಗೆ ಪಡೆಯುವ ಶುಲ್ಕಕ್ಕೆ ಜಿಎಸ್‌ಟಿ ಇಲ್ಲವೆಂದು 2018ರಲ್ಲಿ ಸರ್ಕಾರವು ವಿನಾಯಿತಿಯನ್ನಿತ್ತಿತು. ಆ ಮೊತ್ತದ ಪಕ್ಕದಲ್ಲಿ ಮೇಲೆ ಹೇಳಿದ 7,500ನ್ನು ಇಟ್ಟು ನೋಡಿದರೆ, ಕಾರ್ಖಾನೆಯ ಪಿಂಚಣಿಯೊಂದನ್ನೇ ನಂಬಿದವರು ಇಂಥ ನಿಲಯದ ಬಾಗಿಲಿಗೆ ಬರುವುದು ಮನೆಯನ್ನು ಮಾರಿದ ಮೇಲೆಯೇ ಎಂದು ತಿಳಿಯುತ್ತದೆ.

ಸಂಸತ್ತು 2007ರಲ್ಲಿ ಮಾಡಿದ ತಾಯಿತಂದೆಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಕೌಟಿಲ್ಯನ ದಂಡವನ್ನು ಹೊಸ ರೂಪದಲ್ಲಿ ತಂದಿತು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿಯನ್ನು ಹಾಕಿದರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸಬಹುದು. ಅದರ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆಸಿಕೊಂಡವನು ನೋಡಿಕೊಳ್ಳದೆ ಹೋದರೆ ಆ ವರ್ಗಾವಣೆಯೇ ರದ್ದಾಗಬಹುದು. ಷರತ್ತು ಪತ್ರದಲ್ಲಿರಬೇಕೆ, ಮನಸ್ಸಿನಲ್ಲಿದ್ದರೆ ಸಾಕೆ ಎಂಬ ವಿವಾದವು ಸುಪ್ರೀಂ ಕೋರ್ಟಿನವರೆಗೂ ಹೋಯಿತು: ಷರತ್ತಿಗೊಳಪಟ್ಟ ವರ್ಗಾವಣೆಯೆಂಬುದು ಸಿದ್ಧವಾಗಬೇಕೆಂದು 2022ರ ಡಿಸೆಂಬರಿನಲ್ಲಿ ಒಂದು ತೀರ್ಪು ಹೇಳಿತು, ವೃದ್ಧರ ಹಿತಕ್ಕಾಗಿ ಹುಟ್ಟಿದ ಕಾಯಿದೆಯನ್ನು ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯ ಮತ್ತೊಂದು ತೀರ್ಪು ಒತ್ತಿ ಹೇಳಿತು. ಹಾಲಿನ ಪಾಲನ್ನೂ ಮುಂಬಾಗಿಲನ್ನೂ ಬರೆಸುತ್ತಿದ್ದ ಮುದುಕರು ಅಲ್ಪಬುದ್ಧಿಯವರೆಂದು ನಕ್ಕ ನಮ್ಮ ತಲೆಮಾರು, "ಮಗನ ಮೇಲೆ ಷರತ್ತು ಹಾಕುವುದೇ?" ಎಂದು ಸಂಕೋಚಪಟ್ಟು ಪ್ರೀತಿವಿಶ್ವಾಸಗಳಿಂದಲೇ ದಾನಪತ್ರವನ್ನು ಬರೆದುಕೊಟ್ಟು, ಈಗ ಉಪವಿಭಾಗಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಕುಳಿತಿದೆ.

ಮನೆಯನ್ನು ಬ್ಯಾಂಕಿಗೆ ಆಧಾರಮಾಡಿ ಅದರಲ್ಲಿಯೇ ಇದ್ದುಕೊಂಡು ತಿಂಗಳಿಗಿಷ್ಟೆಂದು ಹಣವನ್ನು ಪಡೆಯುವ ಹಿಮ್ಮುಖ ಅಡಮಾನದ ಯೋಜನೆಯೂ 2007ರಲ್ಲಿಯೇ ಬಂದಿತು. ಲೆಕ್ಕದ ದೃಷ್ಟಿಯಿಂದ ನಿರ್ದುಷ್ಟವಾದ ಆ ಯೋಜನೆಗೆ ನಮ್ಮಲ್ಲಿ ಪುರಸ್ಕಾರ ಸಿಕ್ಕಲಿಲ್ಲ. ಕಟ್ಟಿಸಿದ ಮನೆ ಮಕ್ಕಳದೆಂಬ ಭಾವನೆಯು ಅದರಲ್ಲಿ ವಾಸಿಸುವವರಿಗೇ ಬಲವಾಗಿರುವಾಗ ಆ ಮನೆಯನ್ನು ಉಂಡು ಮುಗಿಸಲು ಕೈ ಬಾರದು. ವೃದ್ಧಾಶ್ರಮದ ಠೇವಣಿಯ ಉಳಿಕೆ ಯಾರಿಗೆ ಸಲ್ಲತಕ್ಕದ್ದೆಂಬ ಅಂಕಣದಲ್ಲಿಯೂ ಮಗನ ಹೆಸರನ್ನು ಬರೆಯುವ ಜನ ನಾವು. ಬರೆಯಲು ಮನೆಯೂ ಇಲ್ಲದವರಿಗೆ ರಾಜ್ಯವು 1965ರಲ್ಲಿ ವೃದ್ಧಾಪ್ಯ ವೇತನವನ್ನು ಆರಂಭಿಸಿತು. 2007ರಲ್ಲಿ ಬಂದ ಸಂಧ್ಯಾಸುರಕ್ಷೆಯೆಂಬ ಮಾಸಾಶನವು 400 ರೂಪಾಯಿಯಿಂದ ಮೊದಲಾಗಿ 1,200ಕ್ಕೆ ಏರಿದೆ. ಮೇಲೆ ಹೇಳಿದ ಪೋಷಣೆಯ ಕಾಯಿದೆಯು ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ನಿಲಯವನ್ನು ಸರ್ಕಾರಗಳು ಸ್ಥಾಪಿಸಬಹುದೆಂದು ಹೇಳಿದೆ, ಸ್ಥಾಪಿಸಲೇಬೇಕೆಂದು ಹೇಳಿಲ್ಲ.